ನೂರಿಪ್ಪತ್ತು ವೋಲ್ಟಿನ ಅತಿಥಿ

ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಯಾರಾದರೊಬ್ಬ ವಿಜ್ಞಾನಿಯ ಜೀವನಚರಿತ್ರೆಯನ್ನು ಬರೆದುಕೊಟ್ಟು ಜಾರಿಕೊಳ್ಳೋಣವೆಂದು ಮೊದಲು ಯೋಚಿಸಿದ್ದೆನು. ಈ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನವನ್ನು ಬೋಧಿಸಿದವನಿಗೆ ಅದೇನೂ ಕಷ್ಟದ ಕೆಲಸವಲ್ಲ. ಆದರೆ ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನ್ನ ಮನಸ್ಸನ್ನು ಬಿಟ್ಟು ಹೋಗಲೊಲ್ಲದು. ಅದರಲ್ಲಿ ಮಹಾಪುರುಷರು ಯಾರೂ ಇಲ್ಲ. ಒಂದು ಆಟದ ಕಾರು ಇದೆ, ಹತ್ತು ವರ್ಷದ ಒಬ್ಬ ಹುಡುಗನಿದ್ದಾನೆ, ತನಗೆ ಎಲ್ಲವೂ ತಿಳಿದಿದೆಯೆಂದು ನಂಬಿದ್ದ ಒಬ್ಬ ಮುದುಕ ಮಾಸ್ತರನಿದ್ದಾನೆ. ಆ ಮಾಸ್ತರನು ನಾನೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನನ್ನ ಹಿರಿಯ ಮಗನು ಅಮೆರಿಕೆಯಲ್ಲಿದ್ದಾನೆ. ದೀಪಾವಳಿಗೆಂದು ಹತ್ತು ದಿನಗಳ ಮಟ್ಟಿಗೆ ಮುಂಬಯಿಗೆ ಬಂದವನು, ತನ್ನ ತಮ್ಮನ ಮಗನಿಗೆ ಒಂದು ಕಾರನ್ನು ತಂದಿದ್ದನು. ದೂರದಿಂದ ನಡೆಸುವ ಆಟದ ಕಾರು. ಮೊಳದುದ್ದ, ಕೆಂಪು ಬಣ್ಣ. ಅದು ಅಂಗಡಿಯಿಂದ ಹೊಸದಾಗಿ ಕೊಂಡುತಂದದ್ದಲ್ಲ. 2006ರಲ್ಲಿ ಅವನು ತನ್ನ ಮಗನಿಗೆ ಕೊಡಿಸಿದ್ದ ಕಾರು. ಆ ಮಗನು ಈಗ ಓದು ಮುಗಿಸಿ ಉದ್ಯೋಗಕ್ಕೆ ಸೇರಿದ್ದಾನೆ. ಇಷ್ಟು ವರ್ಷ ಯಾರಿಗೂ ಮುಟ್ಟಗೊಡದೆ ಕಾಪಾಡಿದ್ದ ಕಾರನ್ನು ತಾನೇ ಒರೆಸಿ, ಹಳೆಯ ಬ್ಯಾಟರಿಯನ್ನು ತೆಗೆದು ಹೊಸದನ್ನು ಹಾಕಿ, ಮುಂಬಯಿಯ ತಮ್ಮನಿಗೆ ಕಳುಹಿಸಿದ್ದನು. “ಭಾನುವಾರ ಫೋನಿನಲ್ಲಿ ಮಾತನಾಡುವಾಗ ಓಡಿಸಿ ತೋರಿಸು” ಎಂದು ಒಂದು ಕಾಗದದ ತುಂಡಿನಲ್ಲಿ ತೊಡಕು ಕನ್ನಡದಲ್ಲಿ ಬರೆದೂ ಇದ್ದನು. ಆ ಕಾಗದವನ್ನು ನಮ್ಮ ಪುಟ್ಟನು ತನ್ನ ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಿದನು.

ಮಗನು ಹೊರಡುವ ದಿನ ಪೆಟ್ಟಿಗೆಯನ್ನು ಬರಿದುಮಾಡುವಾಗ ಆ ಕಾರು ಹೊರಬಂದಿತು. ಅದನ್ನು ನಡೆಸಿ ನೋಡಲು ಅವನಿಗೆ ಬಿಡುವಾಗಲಿಲ್ಲ. ಕಾರಿನ ಜೊತೆಗೆ ಒಂದು ಕಪ್ಪು ಚಾರ್ಜರು ಇತ್ತು. ಅಂಗೈಯಗಲದ, ಕಲ್ಲಿನಂತೆ ಭಾರವಾದ ವಸ್ತು. ಅದರ ಬೆನ್ನಿಗೆ ಎರಡು ಚಪ್ಪಟೆಯಾದ ಹಿತ್ತಾಳೆಯ ಕಡ್ಡಿಗಳು. ನಮ್ಮ ಗೋಡೆಯ ಸಾಕೆಟ್ಟಿನ ರಂಧ್ರಗಳು ದುಂಡಗಿರುವುದರಿಂದ ಅದು ಅಲ್ಲಿ ಕೂಡುವುದಿಲ್ಲ. ಆದರೆ ಅದಕ್ಕೊಂದು ಉಪಾಯವಿತ್ತು. ಮಗನು ತನ್ನ ಲ್ಯಾಪ್‌ಟಾಪನ್ನೂ ಫೋನನ್ನೂ ಇಲ್ಲಿ ಚಾರ್ಜು ಮಾಡುತ್ತಿದ್ದ ಒಂದು ಅಡಾಪ್ಟರನ್ನು ನಮಗಾಗಿ ಬಿಟ್ಟುಹೋಗಿದ್ದನು. ಅದರ ಒಂದು ಮುಖದಲ್ಲಿ ಚಪ್ಪಟೆ ಕಡ್ಡಿಗಳಿಗೆ ಸೀಳುಗಳು, ಇನ್ನೊಂದು ಮುಖದಲ್ಲಿ ದುಂಡು ಕಡ್ಡಿಗಳು. ಹತ್ತು ದಿನ ಅದರಿಂದ ಅವನ ಯಂತ್ರಗಳಿಗೆಲ್ಲ ಯಾವ ತೊಂದರೆಯೂ ಆಗಿರಲಿಲ್ಲ. ಅವನ ಲ್ಯಾಪ್‌ಟಾಪಿಗೆ ಆಗದ ತೊಂದರೆ ಒಂದು ಆಟಿಕೆಗೆ ಏಕೆ ಆದೀತು? ನಾನು ಹೀಗೆ ತರ್ಕಿಸಿದೆನು.

ಅದು ಶುಕ್ರವಾರದ ಸಂಜೆ. ಚಾರ್ಜರನ್ನು ಅಡಾಪ್ಟರಿಗೆ ಸಿಕ್ಕಿಸಿ ಗೋಡೆಗೆ ಹಚ್ಚುವುದರಲ್ಲಿದ್ದೆನು. ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬೆಳಗಿನ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ ಎಂಬುದು ನನ್ನ ಲೆಕ್ಕ. ಆ ಸಾಕೆಟ್ಟಿನ ಕೆಳಗೇ ಹಳೆಯ ವೃತ್ತಪತ್ರಿಕೆಗಳ ಒಂದು ಅಟ್ಟಿಯಿದ್ದಿತು. ಪಕ್ಕದಲ್ಲಿ ಕಿಟಕಿಯ ಪರದೆ. ಪುಟ್ಟನು ಚಾರ್ಜರಿನ ಬೆನ್ನನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದನು.

“ಅಜ್ಜಾ, ಇದರ ಮೇಲೆ ನೂರಿಪ್ಪತ್ತು ವೋಲ್ಟ್ ಅಂತ ಬರೆದಿದೆ. ನಮ್ಮದು ಇನ್ನೂರ ಮೂವತ್ತು ಅಲ್ವಾ?”

“ಅದಕ್ಕೇ ಅಲ್ಲವೇನೋ ಅಡಾಪ್ಟರು ಇರುವುದು?” ಎಂದೆನು.

“ಅಡಾಪ್ಟರಿನ ಮೇಲೆ ವೋಲ್ಟ್ ಕಡಿಮೆ ಮಾಡುತ್ತೆ ಅಂತ ಎಲ್ಲೂ ಬರೆದಿಲ್ಲ, ಅಜ್ಜಾ.”

“ನೀನು ಹುಟ್ಟುವುದಕ್ಕಿಂತ ಮುಂಚೆಯಿಂದ ಈ ಪಾಠವನ್ನು ಹೇಳಿಕೊಂಡು ಬಂದಿದ್ದೇನೆ. ಸುಮ್ಮನೆ ಕೂತು ನೋಡು” ಎಂದು ಗದರಿಸಿ ಗುಂಡಿಯನ್ನೊತ್ತಿದೆನು.

ಚಾರ್ಜರಿನೊಳಗಿನಿಂದ ಒಂದು ಸದ್ದು ಹೊರಟಿತು. ಕತ್ತಲೆಯ ಕೋಣೆಯಲ್ಲಿ ದುಂಬಿಯೊಂದು ಸಿಕ್ಕಿಕೊಂಡಾಗ ಬರುವಂಥ ಗುಂಯ್‌ಗುಡುವ ಸದ್ದು. ಅದು ಪರಿವರ್ತಕದ ಸ್ವಭಾವವೇ ಎಂದುಕೊಂಡು ನಾನು ಕನ್ನಡಕವನ್ನು ಹುಡುಕಲು ತಿರುಗಿದೆನು. ಅರ್ಧ ನಿಮಿಷ ಕಳೆದಿತ್ತೋ ಇಲ್ಲವೋ, ಹಿಂದಿನಿಂದ ಟಪ್ಪೆಂದು ಗುಂಡಿ ಆರಿಸಿದ ಶಬ್ದವಾಯಿತು. ನೋಡಿದರೆ ಪುಟ್ಟನ ಕೈ ಸ್ವಿಚ್ಚಿನ ಮೇಲಿತ್ತು.

“ಯಾರು ಹೇಳಿದರು ನಿನಗೆ ಆರಿಸಲಿಕ್ಕೆ?” ನನ್ನ ಧ್ವನಿ ತರಗತಿಯಲ್ಲಿ ಏರುತ್ತಿದ್ದಷ್ಟೇ ಎತ್ತರಕ್ಕೆ ಏರಿತು.

ಹುಡುಗನ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. “ಮುಟ್ಟಿ ನೋಡು ಅಜ್ಜಾ” ಎಂದಷ್ಟೇ ಹೇಳಿದನು.

ಮುಟ್ಟಿದೆನು. ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಅರಗೆಣ್ಣೆ ಕಾದಂಥ ವಾಸನೆಯೊಂದು ಮೂಗಿಗೆ ಬಡಿಯಿತು. ಕೆಳಗಿದ್ದ ಕಾಗದದ ಅಟ್ಟಿಯನ್ನು ನೋಡಿದೆನು, ಪರದೆಯನ್ನು ನೋಡಿದೆನು. ಅದನ್ನು ರಾತ್ರಿಯಿಡೀ ಬಿಟ್ಟು ಮಲಗಬೇಕೆಂದಿದ್ದವನು ನಾನು. ಆ ಚಾಪೆಯಲ್ಲಿ, ಆ ಪರದೆಯ ಪಕ್ಕದಲ್ಲಿ ಮಲಗುವವನು ಪುಟ್ಟನು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ತಪ್ಪು ಎಲ್ಲಿ ಆಯಿತೆಂಬುದು ನನಗೆ ಕೂಡಲೇ ತಿಳಿದಿತ್ತು. ತಿಳಿಯದೆ ಮಾಡಿದ ತಪ್ಪಿಗಿಂತ ತಿಳಿದೂ ಮಾಡಿದ ತಪ್ಪು ಹೆಚ್ಚು ಕೊರೆಯುತ್ತದೆ. ಅದನ್ನು ನಿಮಗೂ ವಿವರಿಸುತ್ತೇನೆ. ಏಕೆಂದರೆ ನಿಮ್ಮಲ್ಲಿ ಅನೇಕರ ಮನೆಗೆ ಪರದೇಶದಿಂದ ಇಂಥ ಅತಿಥಿಗಳು ಬರುತ್ತಿರಬಹುದು.

ನಮ್ಮ ದೇಶದಲ್ಲಿ ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಅದು ಸೆಕೆಂಡಿಗೆ 50 ಆವೃತ್ತಿಗಳಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಅಮೆರಿಕೆಯಲ್ಲಿ ಒತ್ತಡ 120 ವೋಲ್ಟ್, ಆವೃತ್ತಿ 60. ಜಪಾನಿನಲ್ಲಿ 100 ವೋಲ್ಟ್. ಅಲ್ಲಿ ಪೂರ್ವಭಾಗದಲ್ಲಿ 50 ಆವೃತ್ತಿ, ಪಶ್ಚಿಮಭಾಗದಲ್ಲಿ 60! ಒಂದೇ ದೇಶದಲ್ಲಿ ಹೀಗೇಕೆಂದರೆ, ಮೊದಲಿಗೆ ಟೋಕಿಯೋ ನಗರವು ಜರ್ಮನಿಯಿಂದಲೂ ಒಸಾಕಾ ನಗರವು ಅಮೆರಿಕೆಯಿಂದಲೂ ಯಂತ್ರಗಳನ್ನು ತರಿಸಿಕೊಂಡವು. ಅಂದು ಬಂದ ಯಂತ್ರದ ಗುಣ ಇಂದಿಗೂ ಊರನ್ನು ಬಿಟ್ಟಿಲ್ಲ. ಅಮೆರಿಕೆಯ ಕಥೆಯೂ ಹೀಗೆಯೇ. ಎಡಿಸನ್ನನು 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರವನ್ನು ಆರಂಭಿಸಿದಾಗ, ತನ್ನ ದೀಪಗಳಿಗೆ ಹೊಂದುವಂತೆ ಸುಮಾರು 110 ವೋಲ್ಟಿನ ಒತ್ತಡವನ್ನು ಇಟ್ಟುಕೊಂಡನು. ಯೂರೋಪಿನವರು ಕೆಲಕಾಲದ ಮೇಲೆ ಅದರ ಎರಡರಷ್ಟನ್ನು ಆರಿಸಿಕೊಂಡರು. ಒತ್ತಡವು ಎರಡರಷ್ಟಾದರೆ ಅದೇ ಕೆಲಸಕ್ಕೆ ಅರ್ಧದಷ್ಟು ಪ್ರವಾಹ ಸಾಕು. ಪ್ರವಾಹವು ಅರ್ಧವಾದರೆ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿಯು ಕಾಲುಭಾಗಕ್ಕೆ ಇಳಿಯುತ್ತದೆ. ನಾವು ಬ್ರಿಟನ್ನಿನ ಪದ್ಧತಿಯನ್ನು ಅನುಸರಿಸಿದವರು. ನಮ್ಮ ದುಂಡು ಕಡ್ಡಿಯ ಪ್ಲಗ್ಗು ಸಹ ಅಲ್ಲಿಯ ಹಳೆಯ ಮಾದರಿಯೇ.

ಹೀಗಿರುವಾಗ ಅಡಾಪ್ಟರು ಮಾಡುವುದೇನು? ಕಡ್ಡಿಗಳ ಆಕಾರವನ್ನು ಬದಲಾಯಿಸುತ್ತದೆ, ಅಷ್ಟೇ. ಪರದೇಶದವನಿಗೆ ಪಂಚೆ ಉಡಿಸಿದ ಮಾತ್ರಕ್ಕೆ ಅವನು ನಮ್ಮ ಊರಿನ ಖಾರವನ್ನು ತಿನ್ನಬಲ್ಲನೇ? ವೇಷ ಬದಲಾಯಿತು, ಹೊಟ್ಟೆ ಬದಲಾಗಲಿಲ್ಲ. ಹಾಗಾದರೆ ನನ್ನ ಮಗನ ಲ್ಯಾಪ್‌ಟಾಪು ಹೇಗೆ ಬದುಕಿತು? ಅದರ ಚಾರ್ಜರಿನ ಮೇಲೆ “100–240 ವೋಲ್ಟ್, 50/60 ಹರ್ಟ್ಸ್” ಎಂದು ಬರೆದಿರುತ್ತದೆ. ನಿಮ್ಮ ಮನೆಯ ಫೋನಿನ ಚಾರ್ಜರಿನ ಮೇಲೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಈ ಸಾಲುಗಳನ್ನು ಓದಿದ ಮೇಲೆ ಎದ್ದುಹೋಗಿ ನೋಡಿರಿ. ಅಂಥ ಚಾರ್ಜರು ಬಂದ ವಿದ್ಯುತ್ತನ್ನು ಮೊದಲು ನೇರ ಪ್ರವಾಹವನ್ನಾಗಿ ಮಾಡಿ, ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ತನಗೆ ಬೇಕಾದಷ್ಟನ್ನೇ ಅಳೆದು ತೆಗೆದುಕೊಳ್ಳುತ್ತದೆ. ಅದು ಎಲ್ಲ ಊರಿನ ಊಟವನ್ನೂ ಅರಗಿಸಿಕೊಳ್ಳುವ ಸಂಚಾರಿ. ಆದರೆ ಆಟದ ಕಾರಿನ ಹಳೆಯ ಚಾರ್ಜರಿನಲ್ಲಿ ಅಂಥ ಚಾತುರ್ಯವಿರಲಿಲ್ಲ. ಅದರೊಳಗೆ ಇದ್ದದ್ದು ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ತಾಮ್ರದ ಸುರುಳಿಗಳು ಮತ್ತು ಕೆಲವು ಡಯೋಡುಗಳು. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿಗಳನ್ನು ಸುತ್ತಿ ಕಂಡುಕೊಂಡ ತತ್ತ್ವವೇ ಅಲ್ಲಿ ಕೆಲಸ ಮಾಡುತ್ತಿದ್ದದ್ದು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಂಡೊಯ್ದಾಗ, ದಾರಿಗೆ ಒತ್ತಡವನ್ನು ಏರಿಸಿ ಊರಿನಲ್ಲಿ ಇಳಿಸಿದ್ದೂ ಇದೇ ತತ್ತ್ವದಿಂದ.

ಇದನ್ನು ಯೋಚಿಸುತ್ತ ಮಲಗಿದ್ದಾಗ, ಬಹಳ ಹಿಂದಿನ ಒಂದು ತರಗತಿ ನನ್ನ ಕಣ್ಣಮುಂದೆ ಬಂದಿತು. ಕರಿಹಲಗೆಯ ಮೇಲೆ ಪರಿವರ್ತಕದ ಚಿತ್ರವನ್ನು ಬರೆದು, ಸುರುಳಿಯ ಸುತ್ತುಗಳ ಪ್ರಮಾಣದಲ್ಲಿಯೇ ಒತ್ತಡವು ಏರಿಳಿಯುತ್ತದೆಂದು ಹೇಳಿ ಮುಗಿಸಿದ್ದೆನು. ಕೊನೆಯ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಐವತ್ತು ಹರ್ಟ್ಸಿನ ಬದಲು ಬೇರೆ ಹರ್ಟ್ಸ್ ಕೊಟ್ಟರೆ ಟ್ರಾನ್ಸ್‌ಫಾರ್ಮರಿಗೆ ಏನಾಗುತ್ತದೆ?” ಎಂದು ಕೇಳಿದನು. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದೆನು. ಹುಡುಗರೆಲ್ಲರೂ ನಕ್ಕರು. ಅವನು ಕುಳಿತನು. ಆ ವರ್ಷದಲ್ಲಿ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಪುಟ್ಟನನ್ನು ಕರೆದುಕೊಂಡು ದಾದರಿನಲ್ಲಿ ನಿಧಾನದ ಗಾಡಿಯನ್ನು ಹತ್ತಿ ಗ್ರ್ಯಾಂಟ್ ರೋಡಿನಲ್ಲಿ ಇಳಿದೆನು. ಅಲ್ಲಿಗೆ ಸಮೀಪದ ಲ್ಯಾಮಿಂಗ್ಟನ್ ರೋಡು ನಿಮಗೆ ತಿಳಿದೇ ಇರುತ್ತದೆ. ವಿದ್ಯುತ್ತಿನ, ಇಲೆಕ್ಟ್ರಾನಿಕ್ ಸಾಮಾನುಗಳ ಸಂತೆಯದು. ದಾರಿಯಲ್ಲಿ ಪುಟ್ಟನು ಮಾತನಾಡಲಿಲ್ಲ. ಚಾರ್ಜರನ್ನು ಒಂದು ಬಟ್ಟೆಯ ಚೀಲದಲ್ಲಿ ಎದೆಗೆ ಅವುಚಿಕೊಂಡಿದ್ದನು, ಪೆಟ್ಟು ಬಿದ್ದ ಹಕ್ಕಿಯನ್ನು ಒಯ್ಯುವವನ ಹಾಗೆ.

ಮೊದಲನೆಯ ಅಂಗಡಿಯವನು ಚಾರ್ಜರಿನ ಕಡ್ಡಿಗಳನ್ನು ನೋಡಿದವನೇ ಅಡಾಪ್ಟರೊಂದನ್ನು ಮುಂದಿಟ್ಟು, “ಇದೊಂದಿದ್ದರೆ ಆಯಿತು” ಎಂದನು. ಹಿಂದಿನ ದಿನದ ನನ್ನ ಮುಖವನ್ನೇ ಕನ್ನಡಿಯಲ್ಲಿ ಕಂಡಂತಾಯಿತು. ಎರಡನೆಯ ಅಂಗಡಿಯವನು ಅಂಗೈಯಲ್ಲಿ ಹಿಡಿಸುವ ಹಗುರವಾದ ಪೆಟ್ಟಿಗೆಯೊಂದನ್ನು ತೋರಿಸಿ, “ಇದು 1600 ವಾಟ್ ತಡೆಯುತ್ತದೆ” ಎಂದು ಹೊಗಳಿದನು. ಅಷ್ಟು ದೊಡ್ಡ ಸಂಖ್ಯೆಯನ್ನು ಕೇಳಿ ನಾನು ಕೊಳ್ಳುವುದಕ್ಕೆ ಮುಂದಾದೆನು. ಪುಟ್ಟನು ನನ್ನ ಅಂಗಿಯನ್ನು ಮೆಲ್ಲಗೆ ಎಳೆದು, ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಬೆರಳಿನಿಂದ ತೋರಿಸಿದನು. ಕೂದಲು ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ ಮುಂತಾದ ಶಾಖದ ಉಪಕರಣಗಳಿಗೆ ಮಾತ್ರ ಎಂದು ಅಲ್ಲಿ ಬರೆದಿತ್ತು. ಅಂಥ ಪೆಟ್ಟಿಗೆಯು ಅಲೆಯನ್ನು ತುಂಡರಿಸಿ ಕೊಡುತ್ತದೆ. ಕಾಯುವ ತಂತಿಗೆ ಅದು ಸಾಕು, ಪರಿವರ್ತಕಕ್ಕೆ ಸಲ್ಲದು. ಈ ಸಲ ನಾನು ಗದರಿಸಲಿಲ್ಲ.

ಮೂರನೆಯದು ಅಂಗಡಿಯೆನ್ನುವುದಕ್ಕಿಂತ ಒಂದು ಗೂಡು. ಮೆಟ್ಟಿಲಿನ ಕೆಳಗೆ ಕುಳಿತ ವೃದ್ಧನೊಬ್ಬನು ಕೈಯಿಂದ ತಿರುಗಿಸುವ ಒಂದು ಸಣ್ಣ ಯಂತ್ರದ ಮೇಲೆ ತಾಮ್ರದ ತಂತಿಯನ್ನು ಸುತ್ತುತ್ತಿದ್ದನು. ಸುತ್ತುಗಳನ್ನು ಎಣಿಸುತ್ತಿದ್ದುದರಿಂದ ನಾವು ಕರೆದಾಗ ತಲೆಯೆತ್ತಲಿಲ್ಲ. ಎಣಿಕೆ ಮುಗಿದ ಮೇಲೆ ಚಾರ್ಜರನ್ನು ಕೈಗೆ ತೆಗೆದುಕೊಂಡನು. ಮೊದಲು ಮೂಸಿ ನೋಡಿದನು. ಆಮೇಲೆ ಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸಿ ನೋಡಿ, “ಬದುಕಿದೆ. ಎಷ್ಟು ಹೊತ್ತು ಹಾಕಿದ್ದಿರಿ?” ಎಂದು ಹಿಂದಿಯಲ್ಲಿ ಕೇಳಿದನು.

“ಅರ್ಧ ನಿಮಿಷ” ಎಂದೆನು.

“ಬೇಗ ತೆಗೆದಿರಿ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಒಳಗಿನ ಫ್ಯೂಸು ಹೋಗುತ್ತಿತ್ತು. ಆ ಫ್ಯೂಸು ಸುರುಳಿಯ ಪಟ್ಟಿಯ ಅಡಿಯಲ್ಲಿರುತ್ತದೆ. ಅದು ಹೋದರೆ ಕೆಲವರು ತಂತಿಯಿಂದ ಜೋಡಿಸಿಕೊಟ್ಟುಬಿಡುತ್ತಾರೆ. ಹಾಗೆ ಎಂದೂ ಮಾಡಿಸಿಕೊಳ್ಳಬೇಡಿ. ಆಮೇಲೆ ಅದನ್ನು ತಡೆಯುವವರು ಯಾರೂ ಇರುವುದಿಲ್ಲ.”

“ತೆಗೆದವನು ನಾನಲ್ಲ, ಇವನು” ಎಂದೆನು. ವೃದ್ಧನು ಪುಟ್ಟನನ್ನು ಒಮ್ಮೆ ನೋಡಿ ತಲೆದೂಗಿದನು.

ಅವನ ಬಳಿ 230 ವೋಲ್ಟನ್ನು ಇಳಿಸಿಕೊಡುವ ಪರಿವರ್ತಕವೊಂದಿತ್ತು. ಒಂದೇ ಸುರುಳಿಯನ್ನು ಹಂಚಿಕೊಳ್ಳುವ ಅಗ್ಗದ ಮಾದರಿಯಲ್ಲ. ಎರಡು ಬೇರೆ ಬೇರೆ ಸುರುಳಿಗಳಿದ್ದ ಮಾದರಿ. ನಮ್ಮ ಚಾರ್ಜರು ಎಳೆದುಕೊಳ್ಳುವುದು 9 ವಾಟ್; ಈ ಪರಿವರ್ತಕವು 50 ವೋಲ್ಟ್-ಆಂಪಿಯರ್ ಹೊರಬಲ್ಲದ್ದು. ಹೊರುವವನ ಶಕ್ತಿ ಹೊರೆಗಿಂತ ಧಾರಾಳವಾಗಿ ಹೆಚ್ಚಿರಬೇಕೆಂದು ಅವನು ಹೇಳಿದನು. ಅದರಲ್ಲಿ ಎರಡು ಸಾಕೆಟ್ಟುಗಳಿದ್ದವು: ಒಂದರಲ್ಲಿ 110 ವೋಲ್ಟ್, ಇನ್ನೊಂದರಲ್ಲಿ ಜಪಾನಿನ ಸಾಮಾನುಗಳಿಗೆಂದು 100 ವೋಲ್ಟ್. “120 ಇಲ್ಲವೇ?” ಎಂದು ಕೇಳಿದೆನು.

“ನಿಮಗೆ 120 ಬೇಡ” ಎಂದನು ವೃದ್ಧ. “ಇದು ಅರವತ್ತರ ಮಾಲು. ಐವತ್ತರ ಊರಿಗೆ ಬಂದಿದೆ. ಅರವತ್ತರ ಮಾಲಿಗೆ ಇಲ್ಲಿ ಆರರಲ್ಲಿ ಐದು ಪಾಲು ವೋಲ್ಟ್ ಕೊಡುವುದು ನಮ್ಮ ಲೆಕ್ಕ.”

ನಾನು ಬೆರಗಾಗಿ ನಿಂತೆನು. ಕೊನೆಯ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರವು ಅಷ್ಟು ವರ್ಷಗಳಿಂದ ಈ ಮೆಟ್ಟಿಲಿನ ಕೆಳಗೆ ಕುಳಿತಿದ್ದಿತು. ಪುಸ್ತಕದ ಬದನೆಕಾಯಿ ಸಾರಿಗೆ ಬಾರದೆಂದು ಹಿರಿಯರು ಹೇಳಿದ್ದು ನನ್ನಂಥವರನ್ನು ಕಂಡೇ ಇರಬೇಕು.

ಆ ಉತ್ತರವನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಲ್ಲಿಯ ಕೆಳಗಿಟ್ಟ ಒಂದು ಬಿಂದಿಗೆಯನ್ನು ಊಹಿಸಿಕೊಳ್ಳಿರಿ. ಬಿಂದಿಗೆಯಲ್ಲಿ ಎಷ್ಟು ನೀರು ತುಂಬುತ್ತದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ನೀರು ಎಷ್ಟು ರಭಸದಿಂದ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ. ಪರಿವರ್ತಕದ ಕಬ್ಬಿಣದ ತಿರುಳೇ ಬಿಂದಿಗೆ, ಅದರಲ್ಲಿ ತುಂಬುವ ಕಾಂತತ್ವವೇ ನೀರು, ವೋಲ್ಟೇ ರಭಸ. ವಿದ್ಯುತ್ತು ಒಂದು ಕಡೆಗೆ ಒತ್ತಿ, ಮರಳಿ ಇನ್ನೊಂದು ಕಡೆಗೆ ಒತ್ತುತ್ತದೆಯಲ್ಲವೇ? 60 ಆವೃತ್ತಿಯಲ್ಲಿ ಒಂದೊಂದು ಒತ್ತು ಸೆಕೆಂಡಿನ 120ನೆಯ ಒಂದು ಭಾಗ ಇರುತ್ತದೆ. 50 ಆವೃತ್ತಿಯಲ್ಲಿ 100ನೆಯ ಒಂದು ಭಾಗ. ಎಂದರೆ ನಮ್ಮ ಊರಿನಲ್ಲಿ ನಲ್ಲಿಯು ಹೆಚ್ಚು ಹೊತ್ತು ತೆರೆದಿರುತ್ತದೆ. ರಭಸವು ಅಷ್ಟೇ ಇದ್ದರೂ ಬಿಂದಿಗೆಯಲ್ಲಿ ಹೆಚ್ಚು ನೀರು ತುಂಬುತ್ತದೆ. ಬಿಂದಿಗೆ ತುಂಬಿದ ಮೇಲೆ ಏನಾಗುತ್ತದೆ? ಹೊರಕ್ಕೆ ಚೆಲ್ಲುತ್ತದೆ. ಕಬ್ಬಿಣಕ್ಕೂ ಹಾಗೆಯೇ ಒಂದು ಮಿತಿಯುಂಟು. ಅದು ತುಂಬಿದ ಮೇಲೆ ಸುರುಳಿಯು ಪ್ರವಾಹವನ್ನು ತಡೆದು ನಿಲ್ಲಿಸಲಾರದು. ಪ್ರವಾಹವು ನಿಷ್ಪ್ರಯೋಜಕವಾಗಿ ಹರಿದು ತಾಮ್ರವನ್ನು ಕಾಯಿಸುತ್ತದೆ. ಹಿಂದಿನ ಸಂಜೆ ನಮ್ಮ ಕೈ ಸುಟ್ಟದ್ದು ಆ ಚೆಲ್ಲಿದ ನೀರು.

ಇದನ್ನು ಲೆಕ್ಕಕ್ಕೆ ತರುವುದು ಸುಲಭ. ವೋಲ್ಟನ್ನು ಆವೃತ್ತಿಯಿಂದ ಭಾಗಿಸಿದರೆ ತಿರುಳಿನ ಮೇಲಿನ ಹೊರೆಯ ಅಳತೆ ಸಿಕ್ಕುತ್ತದೆ. ಪುಟ್ಟನು ಕಂಪಾಸು ಪೆಟ್ಟಿಗೆಯಿಂದ ಅಣ್ಣನ ಕಾಗದವನ್ನು ತೆಗೆದು, ಅದರ ಬೆನ್ನಿನ ಮೇಲೆ ಅಲ್ಲಿಯೇ ಲೆಕ್ಕ ಮಾಡಿದನು. ಅಮೆರಿಕೆಯಲ್ಲಿ 120ನ್ನು 60ರಿಂದ ಭಾಗಿಸಿದರೆ 2. ನಾನು ಮಾಡಿದ ಸಾಹಸದಲ್ಲಿ 230ನ್ನು 50ರಿಂದ ಭಾಗಿಸಿದರೆ 4.6, ಎಂದರೆ ಎರಡರಷ್ಟಕ್ಕಿಂತಲೂ ಹೆಚ್ಚು. 110ರ ಸಾಕೆಟ್ಟಿನಲ್ಲಿ 2.2. 100ರ ಸಾಕೆಟ್ಟಿನಲ್ಲಿ ಸರಿಯಾಗಿ 2.

“ಹಾಗಾದರೆ ನೂರೇ ಸರಿ ಅಲ್ವಾ, ಚಾಚಾ?” ಎಂದು ಪುಟ್ಟನು ಕೇಳಿದನು.

ವೃದ್ಧನ ಮುಖ ಅರಳಿತು. “ಕಬ್ಬಿಣಕ್ಕೆ ನೂರು ಸರಿ. ಆದರೆ ಬ್ಯಾಟರಿಯನ್ನೂ ಕೇಳಬೇಕಲ್ಲ, ಬೇಟಾ!” ಎಂದನು.

ಅದರ ಲೆಕ್ಕ ಹೀಗಿದೆ. ಕಾರಿನ ಬ್ಯಾಟರಿಯಲ್ಲಿ ಎಂಟು ಕೋಶಗಳು, ಒಂದೊಂದು 1.2 ವೋಲ್ಟಿನಂತೆ ಒಟ್ಟು 9.6 ವೋಲ್ಟ್. ಆದರೆ ತುಂಬುತ್ತ ಬಂದಾಗ ಒಂದೊಂದು ಕೋಶವು ಸುಮಾರು 1.4 ವೋಲ್ಟನ್ನು ಕೇಳುತ್ತದೆ. ಎಂಟಕ್ಕೆ 11ಕ್ಕಿಂತ ಹೆಚ್ಚಾಯಿತು. ಚಾರ್ಜರು ತನ್ನ ಊರಿನಲ್ಲಿ ಕೊಡುವುದು 12 ವೋಲ್ಟ್. ಅದಕ್ಕೆ 100 ಕೊಟ್ಟರೆ ಅದು ಕೊಡುವುದೂ ಅದೇ ಪ್ರಮಾಣದಲ್ಲಿ 10ಕ್ಕೆ ಇಳಿಯುತ್ತದೆ. ಪ್ರವಾಹವು ಬಹಳ ಕಡಿಮೆಯಾಗಿ ಬ್ಯಾಟರಿ ಪೂರ್ತಿ ತುಂಬದೆ ಹೋಗಬಹುದು. 110 ಕೊಟ್ಟರೆ ಸುಮಾರು 11 ಬರುತ್ತದೆ. ಸ್ವಲ್ಪ ನಿಧಾನವಾದರೂ ಕೆಲಸ ಸಾಗುತ್ತದೆ. ತಿರುಳಿನ ಹೊರೆ ಹತ್ತರಲ್ಲೊಂದು ಪಾಲು ಮಾತ್ರ ಹೆಚ್ಚು. ಆದುದರಿಂದ 110ರಲ್ಲಿ ಹಾಕಿ, ಕಾಲು ಗಂಟೆಗೊಮ್ಮೆ ಮುಟ್ಟಿ ನೋಡಬೇಕೆಂದೂ, ಅಂಗೈಯನ್ನು ಅದರ ಮೇಲೆ ಸುಖವಾಗಿ ಇಟ್ಟುಕೊಳ್ಳುವಷ್ಟು ಬಿಸಿಯಿದ್ದರೆ ಚಿಂತೆಯಿಲ್ಲವೆಂದೂ ವೃದ್ಧನು ಹೇಳಿದನು. ಒಬ್ಬರಿಗೇ ಪೂರ್ತಿ ಒಪ್ಪುವ ದಾರಿಗಿಂತ ಇಬ್ಬರೂ ತಾಳಿಕೊಳ್ಳುವ ದಾರಿ ಮೇಲೆಂಬುದು ಕೂಡುಕುಟುಂಬದಲ್ಲಿ ಬೆಳೆದವರಿಗೆ ಹೊಸತಲ್ಲ. ಅದು ಕಬ್ಬಿಣ ತಾಮ್ರಗಳಿಗೂ ಅನ್ವಯಿಸುತ್ತದೆಂದು ನನಗೆ ಅಂದು ತಿಳಿಯಿತು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಪುಟ್ಟನು ನನ್ನನ್ನು ಎಬ್ಬಿಸಿದನು. ಕಾಗದದ ಅಟ್ಟಿಯನ್ನು ಅಲ್ಲಿಂದ ತೆಗೆದಾಗಿತ್ತು. ಪರದೆಯನ್ನು ಮೇಲಕ್ಕೆ ಕಟ್ಟಲಾಗಿತ್ತು. ಪರಿವರ್ತಕವನ್ನು ಬರಿಯ ನೆಲದ ಮೇಲಿಟ್ಟೆವು. ಗುಂಡಿಯನ್ನು ಯಾರು ಒತ್ತಬೇಕೆಂದು ಅವನು ನನ್ನ ಮುಖವನ್ನು ನೋಡಿದನು. “ನೀನು ಲೇಬಲ್ಲನ್ನು ಓದಿ ಹೇಳು, ನಾನು ಒತ್ತುತ್ತೇನೆ” ಎಂದೆನು. ಅವನು ಓದಿದನು, ನಾನು ಒತ್ತಿದೆನು. ಸದ್ದು ಇತ್ತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು.

ಎಷ್ಟು ಹೊತ್ತು ಇಡಬೇಕು? ಬ್ಯಾಟರಿಯ ಮೇಲೆ 1000 ಮಿಲಿಆಂಪಿಯರ್-ಗಂಟೆ ಎಂದಿತ್ತು. ಚಾರ್ಜರಿನ ಮೇಲೆ 250 ಮಿಲಿಆಂಪಿಯರ್. ಭಾಗಿಸಿದರೆ ನಾಲ್ಕು ಗಂಟೆ. ಸ್ವಲ್ಪ ಭಾಗ ಶಾಖವಾಗಿ ಹೋಗುವುದರಿಂದ ಅಮೆರಿಕೆಯಲ್ಲಿ ಆರು ಗಂಟೆ ಸಮೀಪ ಬೇಕಾಗಿತ್ತು. ನಮ್ಮ 110ರಲ್ಲಿ ಏಳು ಗಂಟೆ ಎಂದು ನಿಶ್ಚಯಿಸಿದೆವು. ಇಂಥ ಹಳೆಯ ಚಾರ್ಜರಿಗೆ ಬ್ಯಾಟರಿ ತುಂಬಿದೊಡನೆ ತಾನಾಗಿ ನಿಲ್ಲುವ ಬುದ್ಧಿಯಿಲ್ಲ. ಗಡಿಯಾರವನ್ನು ನೋಡಿ ನಾವೇ ನಿಲ್ಲಿಸಬೇಕು. ರಾತ್ರಿಯಿಡೀ ಬಿಡುವ ನನ್ನ ಮೊದಲ ಯೋಜನೆಯು ಆ ದೃಷ್ಟಿಯಿಂದಲೂ ತಪ್ಪಾಗಿದ್ದಿತು. ಪುಟ್ಟನು ಗೋಡೆಗೆ ಒರಗಿ ಕುಳಿತು, ಪ್ರತಿ ಕಾಲು ಗಂಟೆಗೂ ಚಾರ್ಜರನ್ನು ಮುಟ್ಟಿ, ಜ್ವರದ ಮನೆಯ ದಾದಿಯಂತೆ ಪುಸ್ತಕದಲ್ಲಿ ಬರೆದುಕೊಂಡನು: ಬೆಚ್ಚಗಿದೆ, ಬೆಚ್ಚಗಿದೆ, ಬೆಚ್ಚಗಿದೆ.

ಸಂಜೆ ಅಮೆರಿಕೆಯ ಕರೆ ಬಂದಿತು. ಫೋನಿನ ಪರದೆಯ ಮೇಲೆ ಮಗನೂ ಅವನ ಮಗನೂ ಕಾಣಿಸಿಕೊಂಡರು. ಕೆಂಪು ಕಾರು ನಮ್ಮ ನಡುಮನೆಯಲ್ಲಿ ಎರಡು ಸುತ್ತು ಓಡಿ, ಅಜ್ಜಿಯ ಕಾಲಿನ ನಡುವೆ ನುಗ್ಗಿ, ಮಂಚದ ಅಡಿಯಲ್ಲಿ ಮರೆಯಾಗಿ, ಧೂಳನ್ನು ಹೊತ್ತುಕೊಂಡು ಹೊರಗೆ ಬಂದಿತು. ಅಲ್ಲಿ ಅಷ್ಟು ದೊಡ್ಡ ಹುಡುಗನು ಕೈ ಚಪ್ಪಾಳೆ ತಟ್ಟಿ ನಕ್ಕನು. ಆಮೇಲೆ ಮಗನು, “ಚಾರ್ಜರಿನ ವಿಷಯ ಹೇಳುವುದನ್ನೇ ಮರೆತಿದ್ದೆ, ಅಪ್ಪಾ. ಅದು ಅಲ್ಲಿನ ಕರೆಂಟಿಗೆ ಆಗುವುದಿಲ್ಲ. ಏನೂ ತೊಂದರೆಯಾಗಲಿಲ್ಲವಷ್ಟೆ?” ಎಂದು ಕೇಳಿದನು.

“ಇಲ್ಲ ದೊಡ್ಡಪ್ಪಾ, ಅಜ್ಜ ಎಲ್ಲಾ ಸರಿ ಮಾಡಿದರು” ಎಂದನು ಪುಟ್ಟ.

ಅವನು ನನ್ನ ಕಡೆಗೆ ನೋಡಲಿಲ್ಲ. ನೋಡದೆ ಇದ್ದುದರಿಂದಲೇ ಅವನ ಮನಸ್ಸು ನನಗೆ ತಿಳಿಯಿತು. ಹತ್ತು ವರ್ಷದ ಹುಡುಗನು ಎಪ್ಪತ್ತು ದಾಟಿದ ಅಜ್ಜನ ಮಾನವನ್ನು ಕಾಯುತ್ತಿದ್ದನು. ಸುಮ್ಮನಿದ್ದುಬಿಡುವುದು ಎಷ್ಟು ಸುಲಭವಾಗಿತ್ತು! ಆದರೆ ಎಂದೋ ಒಮ್ಮೆ ತರಗತಿಯಲ್ಲಿ ಹಾಗೆ ಸುಲಭದ ದಾರಿಯನ್ನು ಹಿಡಿದು ಒಂದು ಬಾಯನ್ನು ಮುಚ್ಚಿಸಿದ್ದೆನು. ಎರಡನೆಯ ಸಲ ಅದನ್ನು ಮಾಡುವುದು ನನ್ನಿಂದಾಗಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು, ನಡೆದದ್ದನ್ನೆಲ್ಲ ಇದ್ದದ್ದು ಇದ್ದಹಾಗೆ ಹೇಳಿದೆನು: ಅವನು ಓದಿ ಹೇಳಿದ್ದು, ನಾನು ಗದರಿಸಿದ್ದು, ಅವನು ಆರಿಸಿದ್ದು. ಮಗನು ಬಹಳ ಹೊತ್ತು ಮಾತನಾಡಲಿಲ್ಲ. ಕರೆ ಮುಗಿದ ಮೇಲೆ ಪುಟ್ಟನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನನ್ನದು ತಪ್ಪಾಯಿತು, ಮಗು. ನೀನು ಹೇಳಿದ್ದೇ ಸರಿಯಾಗಿತ್ತು” ಎಂದೆನು. ಅವನಿಗೆ ನಾಚಿಕೆಯಾಗಿ, ಕಾರಿನ ಚಕ್ರಕ್ಕೆ ಸುತ್ತಿಕೊಂಡಿದ್ದ ಧೂಳಿನ ಎಳೆಯನ್ನು ಬಿಡಿಸತೊಡಗಿದನು.

ಎಳೆಯ ಗೆಳೆಯರೇ, ಈ ಕಥೆಯಿಂದ ನೀವು ನೆನಪಿಡಬೇಕಾದುದು ಹೆಚ್ಚಿಲ್ಲ. ಪರದೇಶದ ಯಾವ ಚಾರ್ಜರನ್ನಾಗಲಿ ಗೋಡೆಗೆ ಹಚ್ಚುವ ಮುನ್ನ ಅದರ ಬೆನ್ನನ್ನು ಓದಿರಿ. 100ರಿಂದ 240ರವರೆಗೆ ಎಂದಿದ್ದರೆ ಅಡಾಪ್ಟರು ಸಾಕು. 100, 110, 120 ಎಂದು ಒಂದೇ ಸಂಖ್ಯೆಯಿದ್ದರೆ ನಿಲ್ಲಿರಿ; ಅದಕ್ಕೆ ಒತ್ತಡವನ್ನು ಇಳಿಸುವ ಪರಿವರ್ತಕ ಬೇಕು. ಇಲ್ಲವೆ ಆ ಬ್ಯಾಟರಿಯ ಜಾತಿಗೂ ವೋಲ್ಟಿಗೂ ಒಪ್ಪುವ ಚಾರ್ಜರೊಂದನ್ನು ಇಲ್ಲಿಯೇ ಕೊಳ್ಳಬೇಕು. ಆಗಲೂ ಧನ ಋಣ ತುದಿಗಳು ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಚಾರ್ಜರನ್ನು ನೀವಾಗಿ ಬಿಚ್ಚಬೇಡಿರಿ, ಹಿರಿಯರು ಜೊತೆಯಲ್ಲಿಲ್ಲದೆ ಇಂಥ ಪ್ರಯೋಗಗಳನ್ನು ಮಾಡಬೇಡಿರಿ. ಹಿರಿಯರು ಜೊತೆಯಲ್ಲಿದ್ದಾಗಲೂ ಲೇಬಲ್ಲನ್ನು ಓದುವುದನ್ನು ಬಿಡಬೇಡಿರಿ.

ಆ ಕೊನೆಯ ಬೆಂಚಿನ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಹಳೆಯ ವಿದ್ಯಾರ್ಥಿಗಳಿಗೂ ಈ ಸಂಚಿಕೆಯು ತಲುಪುತ್ತದೆಂದು ಕೇಳಿದ್ದೇನೆ. ಇದು ಅವನ ಕೈಗೆ ಬಿದ್ದರೆ, ಅವನ ಪ್ರಶ್ನೆಗೆ ಉತ್ತರವು ಮೇಲೆ ಬಿಂದಿಗೆಯ ಉಪಮೆಯೊಡನೆ ಇದೆ. ತಡವಾದುದಕ್ಕೆ ಕ್ಷಮಿಸಬೇಕು.

ಪರಿವರ್ತಕವು ಈಗ ನಮ್ಮ ಮನೆಯ ಗೂಡಿನಲ್ಲಿದೆ. ಹಳೆಯ ಅಡಾಪ್ಟರನ್ನು ಪುಟ್ಟನ ತಂದೆ ಬೀಗದೊಳಗೆ ಇಟ್ಟಿದ್ದಾನೆ. 110ರ ಸಾಕೆಟ್ಟಿನ ಪಕ್ಕದಲ್ಲಿ ಪುಟ್ಟನು ನೋಟುಪುಸ್ತಕದ ಹಾಳೆಯ ತುಂಡೊಂದನ್ನು ಅಂಟಿಸಿದ್ದಾನೆ. ಅದರ ಮೇಲೆ ದುಂಡಗಿನ ಕನ್ನಡದಲ್ಲಿ ಹೀಗೆ ಬರೆದಿದೆ: “ಅಣ್ಣನ ಕಾರಿನ ಚಾರ್ಜರನ್ನು ಇಲ್ಲಿ ಮಾತ್ರ ಹಾಕಬೇಕು. ಗೋಡೆಗೆ ಹಾಕಬಾರದು. ಅಜ್ಜನೂ ಸಹ.”